ಕಪ್ಪೆ ಕೊಲ್ಲಲ್ಲ, ಸುಮ್ನೆ ಕೂತು ನೋಡುತ್ತೆ: ಅಗ್ಗದ ಕೊಲೆಗಾರ ಪ್ರಾಣಿ ಸಿನಿಮಾಗಳನ್ನು ಕದ್ದು ನೋಡುವವರು ಇಲ್ಲಿ ಬನ್ನಿ

ಸೆಕೆಂಡ್‌ಶೋ

ನಿನ್ನೆ ರಾತ್ರಿ ಒಂದೂವರೆಗೆ, ಮನೆಯವರೆಲ್ಲ ಮಲಗಿದ ಮೇಲೆ, ಸೌಂಡು ಕಡಿಮೆ ಮಾಡಿಕೊಂಡು ಒಂದು ಸಿನಿಮಾ ನೋಡಿದೆ. ಅದರಲ್ಲಿ ಮೊಲಗಳು ಜನರನ್ನು ಕೊಂದು ತಿನ್ನುತ್ತವೆ. ಹೌದು, ಮೊಲಗಳೇ. 1972ರ ‘ನೈಟ್ ಆಫ್ ದಿ ಲೀಪಸ್’. ಮುಗಿದಾಗ ಗಂಟೆ ಮೂರು. ಬೆಳಿಗ್ಗೆ ಹೆಂಡತಿ “ಕಣ್ಣು ಯಾಕೆ ಇಷ್ಟು ಕೆಂಪಗಿದೆ?” ಅಂದಳು. “ಆಫೀಸ್ ಕೆಲಸ ಇತ್ತು” ಅಂದುಬಿಟ್ಟೆ. ಮೊಲದ ವಿಷಯಕ್ಕೆ ಹೆಂಡತಿ ಹತ್ತಿರ ಸುಳ್ಳು ಹೇಳಿದ ಗಂಡ ನಾನೊಬ್ಬನೇ ಇರಬೇಕು.

ಕತೆ ಇಷ್ಟೇ. ಮೊಲಗಳ ಕಾಟ ಜಾಸ್ತಿಯಾಗಿದೆ, ಅವುಗಳ ಸಂತಾನ ತಡೆಯಬೇಕು. ವಿಜ್ಞಾನಿಗಳು ಒಂದು ಚುಚ್ಚುಮದ್ದು ಕೊಡುತ್ತಾರೆ. ಚುಚ್ಚಿಸಿಕೊಂಡ ಒಂದು ಮೊಲ ತಪ್ಪಿಸಿಕೊಳ್ಳುತ್ತದೆ. ಆಮೇಲೆ ಮೊಲಗಳು ತೋಳದಷ್ಟು ಬೆಳೆಯುತ್ತವೆ. ತೆಗೆದಿರುವ ರೀತಿ ಹೇಗೆ ಗೊತ್ತಾ? ಗೊಂಬೆಮನೆಯಂಥ ಪುಟ್ಟ ಬೀದಿಗಳನ್ನು ಕಟ್ಟಿ, ಅದರೊಳಗೆ ಮನೆಯಲ್ಲಿ ಸಾಕುವ ಮೊಲಗಳನ್ನು ಬಿಟ್ಟು, ಸ್ಲೋ ಮೋಷನ್‌ನಲ್ಲಿ ಓಡಿಸಿದ್ದಾರೆ. ಮೂತಿಗೆ ಕೆಂಪು ಬಣ್ಣ ಬಳಿದಿದ್ದಾರೆ. ಯಾರ ಮೇಲಾದರೂ ಎಗರಬೇಕಾದರೆ ಮೊಲದ ವೇಷ ಹಾಕಿದ ಮನುಷ್ಯ ಬರುತ್ತಾನೆ. ಮೊಲ ಮಾತ್ರ ಮೂಗು ಅಲ್ಲಾಡಿಸಿಕೊಂಡು ತನ್ನ ಪಾಡಿಗೆ ತಾನಿದೆ.

ನನ್ನನ್ನು ಹಿಡಿದು ಕೂರಿಸಿದ್ದು ಅದಲ್ಲ. ಸಿನಿಮಾದಲ್ಲಿ ಒಬ್ಬರೂ ನಗುವುದಿಲ್ಲ. ‘ಸೈಕೋ’ ಸಿನಿಮಾದ ನಟಿ ಜಾನೆಟ್ ಲೀ ಇದರಲ್ಲಿದ್ದಾರೆ. ಅಲ್ಲಿ ಚಾಕುವಿಗೆ ಎಷ್ಟು ಹೆದರಿದ್ದರೋ ಇಲ್ಲಿ ಮೊಲಕ್ಕೂ ಅಷ್ಟೇ ಹೆದರುತ್ತಾರೆ. ಕೊನೆಗೆ ಪೊಲೀಸರು ಕಾರಲ್ಲಿ ಕೂತು ಸಿನಿಮಾ ನೋಡುತ್ತಿದ್ದ ಜನರ ಹತ್ತಿರ ಹೋಗಿ, ಮೊಲಗಳನ್ನು ಓಡಿಸಲು ನಿಮ್ಮ ಹೆಡ್‌ಲೈಟ್ ಬೇಕು ಅನ್ನುತ್ತಾರೆ. ಯಾರೂ “ಏನಂದ್ರಿ? ಮೊಲಾನಾ?” ಅಂತ ಎರಡನೇ ಸಲ ಕೇಳುವುದಿಲ್ಲ. ಕಾರು ಸ್ಟಾರ್ಟ್ ಮಾಡುತ್ತಾರೆ.

ನೀವು ಕದ್ದು ನೋಡುವ ಪ್ರಾಣಿ ಯಾವುದು? ನಾಚಿಕೆ ಬಿಟ್ಟು ಹೇಳಿ.

ಕಣ್ಮುಚ್ಚಿನೋಡ್ತೀನಿ

ಜೇಡ. ಬೆರಳ ಸಂದಿಯಿಂದ ನೋಡ್ತೀನಿ. ಆದರೂ ನೋಡ್ತೀನಿ.

ರೀಲುಬಿಡುವವ

ಕದ್ದು ತಿಂದ ಹಣ್ಣಿಗೆ ರುಚಿ ಜಾಸ್ತಿ ಗುರುಗಳೇ. ನನಗೆ ಶಾರ್ಕ್. ಸುಂಟರಗಾಳಿಯಲ್ಲಿ ಹಾರಿ ಬರುವ ಶಾರ್ಕ್. 2013ರ ‘ಶಾರ್ಕ್‌ನೇಡೋ’ದಲ್ಲಿ ಹೀರೋ ಚೈನ್‌ಸಾ, ಅಂದರೆ ಮರ ಕೊಯ್ಯುವ ಯಂತ್ರದ ಗರಗಸ ಹಿಡಿದು ಶಾರ್ಕ್ ಬಾಯೊಳಗೆ ತಾನೇ ನುಗ್ಗುತ್ತಾನೆ, ಹೊಟ್ಟೆ ಸೀಳಿಕೊಂಡು ಆಚೆ ಬರುತ್ತಾನೆ. ಅದನ್ನು ನೋಡಿ ಎದ್ದು ಚಪ್ಪಾಳೆ ಹೊಡೆದಿದ್ದೆ. ಒಬ್ಬನೇ ಇದ್ದೆ. 2018ರ ಹೊತ್ತಿಗೆ ಆರು ಭಾಗ ಬಂದವು. ಆರನ್ನೂ ನೋಡಿದ್ದೇನೆ. ಆ ಸಮಯದಲ್ಲಿ ಒಂದು ಭಾಷೆ ಕಲಿಯಬಹುದಿತ್ತು ಅಂತ ನಮ್ಮಣ್ಣ ಹೇಳುತ್ತಿರುತ್ತಾನೆ.

ಸೆಕೆಂಡ್‌ಶೋ

ಅದನ್ನೂ ನೋಡಿದ್ದೇನೆ, ನಕ್ಕಿದ್ದೇನೆ. ಆದರೆ ಅದು ಬೇರೆ ಜಾತಿ. ‘ಶಾರ್ಕ್‌ನೇಡೋ’ ಮಾಡಿದವರಿಗೆ ತಾವು ಮಾಡುತ್ತಿರುವುದು ಕೆಟ್ಟ ಸಿನಿಮಾ ಅಂತ ಮೊದಲೇ ಗೊತ್ತು. ಪ್ರತಿ ಐದು ನಿಮಿಷಕ್ಕೊಮ್ಮೆ ನಮ್ಮ ಕಡೆ ತಿರುಗಿ ಕಣ್ಣು ಹೊಡೆಯುತ್ತಾರೆ. ನನಗೆ ಬೇಕಾದ್ದು ಅದಲ್ಲ. ದುಡ್ಡಿಲ್ಲ, ಸಮಯ ಇಲ್ಲ, ಕೈಯಲ್ಲಿರುವುದು ಮೊಲ ಮಾತ್ರ. ಆದರೂ ಇದರಿಂದ ಜನರನ್ನು ಹೆದರಿಸಿಯೇ ತೀರುತ್ತೇನೆ ಅಂತ ಒಬ್ಬ ಮನುಷ್ಯ ಗಟ್ಟಿಯಾಗಿ ನಂಬಿ ಕೂತಿರಬೇಕು. ಆ ನಂಬಿಕೆ ನೋಡೋಕೆ ಚೆಂದ.

ರೀಲುಬಿಡುವವ

ಅಂದರೆ ಪಾಪದವರು ಬಿದ್ದರೆ ನಿಮಗೆ ಖುಷಿ. ಬೇಕಂತಲೇ ಬಿದ್ದು ನಗಿಸಿದರೆ ಬೇಸರ. ಇದು ಯಾವ ನ್ಯಾಯ?

ಹಳೇಟೇಪು

ಇಬ್ಬರೂ ಸ್ವಲ್ಪ ನಿಲ್ಲಿ. ವಯಸ್ಸಾದವನು ನಾನು, ಒಂದಿಷ್ಟು ಹಳೆಯ ಸಂಗತಿ ಹೇಳುತ್ತೇನೆ.

1959ರಲ್ಲಿ ‘ದಿ ಕಿಲ್ಲರ್ ಶ್ರೂಸ್’ ಬಂತು. ಕೊಲೆಗಾರ ಸುಂಡಿಲಿಗಳು. ದ್ವೀಪದ ಒಂದು ಮನೆಯೊಳಗೆ ಕೆಲವರು ಸಿಕ್ಕಿಬಿದ್ದಿದ್ದಾರೆ, ಹೊರಗೆ ನಾಯಿ ಗಾತ್ರದ ಸುಂಡಿಲಿಗಳು. ನಾಯಿ ಗಾತ್ರ ಯಾಕೆ? ಅವು ನಾಯಿಗಳೇ ಆದ್ದರಿಂದ. ಬೇಟೆನಾಯಿಗಳ ಮೈಮೇಲೆ ಕೂದಲ ಹೊದಿಕೆ ಹಾಕಿ ಓಡಿಸಿದ್ದಾರೆ. ಹತ್ತಿರದ ಶಾಟ್ ಬಂದರೆ ಹಲ್ಲಿರುವ ಕೈಗೊಂಬೆ. ಓಡುವ ಶಾಟಿನಲ್ಲಿ ನೋಡಿ, ಅವು ಖುಷಿಯಿಂದ ಓಡುತ್ತಿವೆ. ಯಾರೋ ಚೆಂಡು ಎಸೆದಿದ್ದಾರೆ ಅನ್ನುವ ಹಾಗೆ.

ಆದರೆ ಕೊನೆಯ ಭಾಗಕ್ಕೆ ಬನ್ನಿ. ಉಳಿದವರು ಖಾಲಿ ಡ್ರಮ್ಮುಗಳನ್ನು ಒಟ್ಟಿಗೆ ಕಟ್ಟಿ, ಬೋರಲು ಹಾಕಿಕೊಂಡು, ಅದರೊಳಗೆ ಕುಕ್ಕರಗಾಲಲ್ಲಿ ಕೂತು ಸಮುದ್ರದ ಕಡೆ ತೆವಳುತ್ತಾ ಹೋಗುತ್ತಾರೆ. ಹೊರಗಿಂದ ಉಗುರು ಕೆರೆಯುವ ಸದ್ದು. ಅದನ್ನು ನೋಡುವಾಗ ನನಗೆ ನಿಜವಾಗಿಯೂ ಉಸಿರು ಕಟ್ಟಿತ್ತು. ನಾಯಿಗಳು ಅಂತ ಗೊತ್ತಿತ್ತು. ಆದರೂ ಕಟ್ಟಿತ್ತು.

ಅದೇ ವರ್ಷ ಅದೇ ನಿರ್ದೇಶಕ ರೇ ಕೆಲಾಗ್ ‘ದಿ ಜಯಂಟ್ ಗಿಲಾ ಮಾನ್‌ಸ್ಟರ್’ ಅಂತ ಇನ್ನೊಂದು ಮಾಡಿದರು. ಗಿಲಾ ಮಾನ್‌ಸ್ಟರ್ ಅಂದರೆ ಒಂದು ಜಾತಿಯ ದೊಡ್ಡ ಹಲ್ಲಿ. ಅದರಲ್ಲಿ ಇರುವುದು ಗಿಲಾ ಮಾನ್‌ಸ್ಟರ್ ಅಲ್ಲವೇ ಅಲ್ಲ, ಅದರ ದಾಯಾದಿ ಮೆಕ್ಸಿಕನ್ ಬೀಡೆಡ್ ಲಿಜರ್ಡ್. ಆಟಿಕೆ ಸೇತುವೆಯ ಪಕ್ಕ ಆರಾಮಾಗಿ ನಡೆದು ಹೋಗುತ್ತದೆ. ನಟರೂ ಅದೂ ಒಂದೇ ಫ್ರೇಮಿನಲ್ಲಿ ಒಮ್ಮೆಯೂ ಬರುವುದಿಲ್ಲ. ನಾಯಕನಿಗೂ ಖಳನಾಯಕನಿಗೂ ಭೇಟಿಯೇ ಆಗದ ಸಿನಿಮಾ.

ಸಿಡುಕುಮೂತಿ

ಜಗತ್ತಿನಲ್ಲಿ ಇಷ್ಟೊಂದು ಒಳ್ಳೆಯ ಸಿನಿಮಾ ಇವೆ. ಒಂದು ಜನ್ಮಕ್ಕೆ ಅವನ್ನೇ ನೋಡಿ ಮುಗಿಸಲು ಆಗಲ್ಲ. ಅಂಥದ್ದರಲ್ಲಿ ನಾಯಿಗೆ ಕೂದಲು ಹೊದಿಸಿದ್ದನ್ನು ಕೂತು ನೋಡುತ್ತೀರಲ್ಲ, ಏನು ಹೇಳಲಿ. ಟೈಂಪಾಸ್ ಅನ್ನಿ, ಒಪ್ಪುತ್ತೇನೆ. ಅದಕ್ಕೊಂದು ತತ್ವ ಕಟ್ಟಬೇಡಿ.

ಕಣ್ಮುಚ್ಚಿನೋಡ್ತೀನಿ

ಆದರೂ ಇಷ್ಟುದ್ದ ಓದಿದ್ದೀರಲ್ಲ ಸರ್.

ಎಡಿಟಿಂಗ್‌ಟೇಬಲ್

ಸಿಡುಕುಮೂತಿಯವರೇ, ನಾನು ಎಡಿಟಿಂಗ್ ಕೆಲಸ ಮಾಡುವವನು. ನನ್ನ ಕೆಲಸದ ಅರ್ಧ ಪಾಠ ಇಂಥ ಸಿನಿಮಾಗಳಿಂದಲೇ ಬಂದಿದೆ.

ಅಗ್ಗದ ಸಿನಿಮಾದವರು ಪ್ರಾಣಿಗಳ ಹಿಂದೆ ಯಾಕೆ ಬೀಳುತ್ತಾರೆ ಯೋಚಿಸಿ. ಪ್ರಾಣಿಗೆ ಸ್ಟಾರ್ ಸಂಭಾವನೆ ಇಲ್ಲ. ಸೆಟ್ ಹಾಕಬೇಕಿಲ್ಲ, ಕಾಡು, ಕೆರೆ, ಕಡಲ ದಡ ಸಾಕು. ಹಗಲಲ್ಲೇ ಶೂಟ್ ಮಾಡಿದರೆ ಲೈಟಿನ ಖರ್ಚೂ ಉಳಿಯಿತು. ಎಲ್ಲಕ್ಕಿಂತ ದೊಡ್ಡ ಉಳಿತಾಯ ಅಂದರೆ ಪ್ರಾಣಿಯನ್ನು ತೋರಿಸಲೇಬೇಕಿಲ್ಲ. ಕ್ಯಾಮೆರಾವನ್ನು ಪೊದೆಯ ಹಿಂದೆ ನೆಲಕ್ಕೆ ಹತ್ತಿರ ಇಟ್ಟು ಮೆಲ್ಲಗೆ ಮುಂದೆ ತಳ್ಳಿ. ಪ್ರಾಣಿ ನೋಡುತ್ತಿದೆ ಅಂತ ನಾವೇ ಅಂದುಕೊಳ್ಳುತ್ತೇವೆ. ಒಂದು ಪೈಸೆ ಖರ್ಚಿಲ್ಲ.

1975ರ ‘ಜಾಸ್’ ತೆಗೆಯುವಾಗ ನಿರ್ದೇಶಕ ಸ್ಪೀಲ್‌ಬರ್ಗ್‌ಗೆ ಆಗಿದ್ದೂ ಇದೇ. ಯಂತ್ರದ ಶಾರ್ಕ್ ಉಪ್ಪುನೀರಿಗೆ ಕೆಟ್ಟು ಕೂತಿತು. 55 ದಿನದ ಶೂಟಿಂಗ್ 159 ದಿನಕ್ಕೆ ಹೋಯಿತು. ಶಾರ್ಕ್ ಇಲ್ಲದೆಯೇ ಅರ್ಧ ಸಿನಿಮಾ ಸಾಗಿಸಬೇಕಾಯಿತು. ಅದಕ್ಕೇ ಅದು ಅಷ್ಟು ಹೆದರಿಸುತ್ತದೆ. ಅವರ ಹತ್ತಿರ ದುಡ್ಡಿತ್ತು, ಶಾರ್ಕ್ ಇರಲಿಲ್ಲ. ಬೇರೆಯವರ ಹತ್ತಿರ ಎರಡೂ ಇರಲಿಲ್ಲ ಅಷ್ಟೇ.

1978ರ ‘ಪಿರಾನ್ಹಾ’ ನೋಡಿ. ಕಡ್ಡಿಗೆ ಸಿಕ್ಕಿಸಿದ ರಬ್ಬರ್ ಮೀನುಗಳು. ಅರ್ಧ ಸೆಕೆಂಡ್ ತೋರಿಸಿದರೆ ಅದು ಮೀನು. ಎರಡು ಸೆಕೆಂಡ್ ತೋರಿಸಿದರೆ ರಬ್ಬರ್. ಇಡೀ ಸಿನಿಮಾ ಆ ಒಂದೂವರೆ ಸೆಕೆಂಡಿನ ಮೇಲೆ ನಿಂತಿದೆ. ನೀರಿನಲ್ಲಿ ಗುಳ್ಳೆ, ಒಂದು ಕಾಲು, ಕೆಂಪು ಬಣ್ಣ, ಮೀನಿನ ಹಲ್ಲು, ಮತ್ತೆ ಗುಳ್ಳೆ. ಹಿಂದೆ ಆ ಕರಕರ ಶಬ್ದ. ಮೀನು ಎಲ್ಲಿತ್ತು ಅಂತ ಯೋಚಿಸುವಷ್ಟರಲ್ಲಿ ಕಟ್ ಆಗಿರುತ್ತದೆ.

ಹಳೇಟೇಪು

‘ಪಿರಾನ್ಹಾ’ ಹೆಸರು ಬಂತಲ್ಲ, ಅದರ ಜನರನ್ನು ನೋಡಿ. ನಿರ್ಮಾಣ ರೋಜರ್ ಕಾರ್ಮನ್ ಅವರ ಕಂಪನಿ. ಕಡಿಮೆ ದುಡ್ಡಿನಲ್ಲಿ ಸಿನಿಮಾ ಮಾಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ನಿರ್ದೇಶಕ ಜೋ ಡಾಂಟೆ, ಆರು ವರ್ಷದ ಮೇಲೆ ‘ಗ್ರೆಮ್ಲಿನ್ಸ್’ ಮಾಡಿದವರು. ಬರೆದದ್ದು ಜಾನ್ ಸೇಲ್ಸ್. ಇಂಥ ಸಿನಿಮಾಗಳಿಗೆ ಬರೆದು ಬಂದ ದುಡ್ಡಿನಲ್ಲೇ ಅವರು ತಮ್ಮ ಮೊದಲ ಸ್ವಂತ ಸಿನಿಮಾ ಮಾಡಿದರು. ‘ಪಿರಾನ್ಹಾ’ದ ಎರಡನೇ ಭಾಗದಲ್ಲಿ ಮೀನುಗಳಿಗೆ ರೆಕ್ಕೆ ಬಂದು ಹಾರುತ್ತವೆ. ಅದರ ನಿರ್ದೇಶಕರ ಹೆಸರು ಜೇಮ್ಸ್ ಕ್ಯಾಮರಾನ್. ‘ಟೈಟಾನಿಕ್’ ಮಾಡಿದರಲ್ಲ, ಅವರೇ. ಅದರ ನಿರ್ಮಾಪಕರ ಜೊತೆ ಅವರಿಗೆ ಕೂಡಿಬರಲಿಲ್ಲ, ಅದು ಬೇರೆ ಮಾತು.

‘ಜಾಸ್’ ಗೆದ್ದ ಮೇಲೆ ಎಲ್ಲರೂ ಒಂದೊಂದು ಪ್ರಾಣಿ ಹಿಡಿದರು. ಎಲ್ಲರಿಗಿಂತ ಜಾಣ ವಿಲಿಯಂ ಗರ್ಡ್ಲರ್. 1976ರಲ್ಲಿ ‘ಗ್ರಿಜ್ಲಿ’ ಮಾಡಿದರು. ‘ಜಾಸ್’ ಕತೆಯನ್ನೇ ಎತ್ತಿ ಕಾಡಿಗೆ ತಂದು ಶಾರ್ಕ್ ಜಾಗದಲ್ಲಿ ಕರಡಿ ಕೂರಿಸಿದರು. ಕಡಲ ದಡ ಮುಚ್ಚಲ್ಲ ಅನ್ನುವ ಮೇಯರ್ ಬದಲು ಪಾರ್ಕ್ ಮುಚ್ಚಲ್ಲ ಅನ್ನುವ ಅಧಿಕಾರಿ. ಖರ್ಚು ಸುಮಾರು 7.5 ಲಕ್ಷ ಡಾಲರ್, ಗಳಿಕೆ ಸುಮಾರು 3.9 ಕೋಟಿ ಡಾಲರ್. ಮರುವರ್ಷವೇ ‘ಡೇ ಆಫ್ ದಿ ಅನಿಮಲ್ಸ್’. ಓಜೋನ್ ಪದರ ಹಾಳಾಗಿ ಬೆಟ್ಟದ ಪ್ರಾಣಿಗಳಿಗೆಲ್ಲ ಒಟ್ಟಿಗೆ ತಲೆ ಕೆಡುತ್ತದೆ. ಮುಂದೆ ಕಾಮಿಡಿಯಲ್ಲಿ ಹೆಸರು ಮಾಡಿದ ಲೆಸ್ಲೀ ನೀಲ್ಸನ್ ಇದರಲ್ಲಿ ಶರ್ಟ್ ಬಿಚ್ಚಿ ಕರಡಿಯ ಜೊತೆ ಕುಸ್ತಿಗೆ ಬೀಳುತ್ತಾರೆ. ಒಂದಿಷ್ಟೂ ನಗದೆ.

ಗರ್ಡ್ಲರ್ 1978ರಲ್ಲಿ ಫಿಲಿಪೈನ್ಸ್‌ನಲ್ಲಿ ಹೊಸ ಸಿನಿಮಾಗೆ ಜಾಗ ಹುಡುಕುವಾಗ ಹೆಲಿಕಾಪ್ಟರ್ ಬಿದ್ದು ತೀರಿಕೊಂಡರು. 30 ವರ್ಷ. ಅಷ್ಟರಲ್ಲೇ ಒಂಬತ್ತು ಸಿನಿಮಾ ಮಾಡಿದ್ದರು. ಇದನ್ನು ಓದಿದ ಮೇಲೆ ‘ಗ್ರಿಜ್ಲಿ’ ಇನ್ನೊಂದು ಸಲ ನೋಡಿದೆ. ನಗು ಬರಲಿಲ್ಲ.

ಸಿಡುಕುಮೂತಿ

‘ಗ್ರಿಜ್ಲಿ’ ಒಂದನ್ನು ನೋಡಿದ್ದೇನೆ. ಕೊನೆಗೆ ಕರಡಿಯನ್ನು ಬಜೂಕಾದಲ್ಲಿ ಹೊಡೆಯುತ್ತಾರೆ. ಕರಡಿಗೆ ಬಜೂಕಾ. ಟ್ಯಾಂಕ್ ಉಡಾಯಿಸುವ ಆಯುಧ.

ರೀಲುಬಿಡುವವ

ಕೊನೆವರೆಗೂ ನೋಡಿದ್ದೀರಿ ಅಂತಾಯಿತು!

ಜೀವಶಾಸ್ತ್ರಮೇಡಂ

ನಾನು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು. ಹೊಟ್ಟೆಪಾಡಿಗೆ ವಿಜ್ಞಾನ, ರಾತ್ರಿ ಹೊತ್ತು ಇದು. ತುಂಬಾ ದಿನದಿಂದ ಮನಸ್ಸಲ್ಲಿದ್ದದ್ದನ್ನು ಇಲ್ಲಿ ಹೇಳಿಬಿಡುತ್ತೇನೆ.

ಮೊದಲು ಮೊಲ. ‘ಲೀಪಸ್’ ಅನ್ನುವುದು ಕಾಡುಮೊಲದ ಕುಲದ ಹೆಸರು. ಸಿನಿಮಾದಲ್ಲಿರುವುದು ಸಾಕುಮೊಲ. ಅದು ಆ ಕುಲಕ್ಕೆ ಸೇರುವುದೇ ಇಲ್ಲ. ನಮ್ಮ ಭಾಷೆಯಲ್ಲಿ ಎರಡಕ್ಕೂ ಮೊಲ ಅಂತಲೇ ಅನ್ನುವುದರಿಂದ ನಾವು ಬಚಾವ್. ಪೋಸ್ಟರಿನಲ್ಲಿ ಮೊಲ ಅಂತ ಗೊತ್ತಾಗದಿರಲಿ ಎಂದೇ ಈ ಲ್ಯಾಟಿನ್ ಹೆಸರು ಹುಡುಕಿದರು. ಮೊಲ ಅಂದಿದ್ದರೆ ಟಿಕೆಟ್ ತಗೊಳ್ಳುವವರು ಯಾರು?

ಆಮೇಲೆ ಈ ದೈತ್ಯ ಇರುವೆ, ದೈತ್ಯ ಜೇಡಗಳು. ಒಂದು ಇರುವೆಯನ್ನು ಎಲ್ಲ ಕಡೆಯಿಂದ ಹತ್ತು ಪಟ್ಟು ದೊಡ್ಡದು ಮಾಡಿ. ಭಾರ ಸಾವಿರ ಪಟ್ಟು ಆಗುತ್ತದೆ. ಆದರೆ ಕಾಲಿನ ಗಟ್ಟಿತನ ನಿಂತಿರುವುದು ಅದನ್ನು ಅಡ್ಡ ಕತ್ತರಿಸಿದರೆ ಕಾಣುವ ವಿಸ್ತೀರ್ಣದ ಮೇಲೆ, ಅದು ನೂರು ಪಟ್ಟು ಮಾತ್ರ ಆಗುತ್ತದೆ. ಇನ್ನೂ ದೊಡ್ಡದು ಮಾಡುತ್ತಾ ಹೋದರೆ ಎದ್ದು ನಿಲ್ಲುವ ಮೊದಲೇ ಕಾಲು ಮುರಿಯುತ್ತದೆ. ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ ಅಂತಾರಲ್ಲ, ಅದು ಪಕ್ಕಾ ವಿಜ್ಞಾನ. ಉಸಿರಾಟದ ತೊಂದರೆ ಬೇರೆ. ಕೀಟಗಳಿಗೆ ನಮ್ಮ ಹಾಗೆ ಶ್ವಾಸಕೋಶ ಇಲ್ಲ. ಮೈಮೇಲಿನ ಸಣ್ಣ ತೂತುಗಳಿಂದ ಕೊಳವೆಗಳ ಮೂಲಕ ಗಾಳಿ ಒಳಗೆ ಹೋಗುತ್ತದೆ. ಮೈ ದೊಡ್ಡದಾದಷ್ಟೂ ಒಳಗಿನವರೆಗೆ ಗಾಳಿ ಮುಟ್ಟುವುದು ಕಷ್ಟ. ಸುಮಾರು 30 ಕೋಟಿ ವರ್ಷದ ಹಿಂದೆ ಮೆಗಾನ್ಯೂರಾ ಅನ್ನುವ ಕೀಟ ಇತ್ತು, ಏರೋಪ್ಲೇನ್ ಚಿಟ್ಟೆಯ ದೂರದ ನೆಂಟ. ಅದರ ರೆಕ್ಕೆ ಈ ತುದಿಯಿಂದ ಆ ತುದಿಗೆ ಎರಡು ಅಡಿಗಿಂತ ಸ್ವಲ್ಪ ಜಾಸ್ತಿ. ಹಾರುವ ಕೀಟಗಳಲ್ಲಿ ನಮಗೆ ಗೊತ್ತಿರುವ ಅತಿ ದೊಡ್ಡವುಗಳಲ್ಲಿ ಅದೂ ಒಂದು.

ಇನ್ನು ಶಾರ್ಕ್. ದಯವಿಟ್ಟು ಕೇಳಿ. ಶಾರ್ಕ್ ಗರ್ಜಿಸುವುದಿಲ್ಲ. ಅದಕ್ಕೆ ಧ್ವನಿಪೆಟ್ಟಿಗೆಯೇ ಇಲ್ಲ. 1987ರ ನಾಲ್ಕನೇ ‘ಜಾಸ್’ನಲ್ಲಿ ಶಾರ್ಕ್ ನೀರಿಂದ ತಲೆ ಎತ್ತಿ ಸಿಂಹದ ಹಾಗೆ ಗರ್ಜಿಸುತ್ತದೆ. ನಾನು ಮನೆಯಲ್ಲಿ ಅದಕ್ಕಿಂತ ಜೋರಾಗಿ ಕಿರುಚಿದೆ.

ರೀಲುಬಿಡುವವ

ಮೇಡಂ, ನಿಮ್ಮ ಕ್ಲಾಸಿನಲ್ಲಿ ನಾನು ಇರಬೇಕಿತ್ತು. ಎರಡು ತಲೆಯ ಶಾರ್ಕ್ ಬಗ್ಗೆ ಏನು ಹೇಳುತ್ತೀರಿ? 2012ರಲ್ಲಿ ಎರಡು ತಲೆ, 2015ರಲ್ಲಿ ಮೂರು, 2017ರಲ್ಲಿ ಐದು, 2018ರಲ್ಲಿ ಆರು. ನಾಲ್ಕು ತಲೆಯದ್ದು ಎಲ್ಲಿ ಹೋಯಿತು ಅಂತ ಇವತ್ತಿಗೂ ಯೋಚಿಸುತ್ತೇನೆ.

ಜೀವಶಾಸ್ತ್ರಮೇಡಂ

ಎರಡು ತಲೆಯ ಶಾರ್ಕ್ ಭ್ರೂಣಗಳು ನಿಜವಾಗಿಯೂ ಸಿಕ್ಕಿವೆ. ಆದರೆ ಅವು ದೊಡ್ಡದಾಗುವವರೆಗೆ ಬದುಕುವುದಿಲ್ಲ. ಆರು ತಲೆಯ ಬಗ್ಗೆ ಪರೀಕ್ಷೆಯಲ್ಲಿ ಪ್ರಶ್ನೆ ಬರಲ್ಲ, ಬಿಡಿ.

ಹಾಗಂತ ಎಲ್ಲವೂ ಸುಳ್ಳಲ್ಲ. 1976ರ ‘ಸ್ಕ್ವರ್ಮ್’ನಲ್ಲಿ ಬಿರುಗಾಳಿಗೆ ವಿದ್ಯುತ್ ತಂತಿ ಹರಿದು ಒದ್ದೆ ನೆಲಕ್ಕೆ ಬಿದ್ದು, ಹುಳಗಳು ಲಕ್ಷಗಟ್ಟಲೆ ಮೇಲೆ ಬರುತ್ತವೆ. ಒದ್ದೆ ಮಣ್ಣಿಗೆ ಕರೆಂಟು ಕೊಟ್ಟರೆ ಎರೆಹುಳ ಮೇಲೆ ಬರುವುದು ನಿಜ. ಮೀನಿನ ಗಾಳಕ್ಕೆ ಹುಳ ಹಿಡಿಯುವವರು ಈ ಉಪಾಯ ಮಾಡುತ್ತಾರೆ, ಅಪಾಯಕಾರಿ ಕೆಲಸ. ಮೇಲೆ ಬಂದ ಹುಳ ಮನುಷ್ಯನ ಮುಖದೊಳಗೆ ನುಗ್ಗುವುದು ಮಾತ್ರ ಸಿನಿಮಾದ್ದು.

ಹೊಸಬ_01

ಎಲ್ಲರಿಗೂ ನಮಸ್ಕಾರ. ಯಾವುದರಿಂದ ಶುರು ಮಾಡಲಿ? ಕೆಟ್ಟದ್ದರಲ್ಲೇ ಕೆಟ್ಟದ್ದು ಬೇಕು.

ರೀಲುಬಿಡುವವ

‘ಬರ್ಡೆಮಿಕ್’. ಕಣ್ಣು ಮುಚ್ಚಿ ‘ಬರ್ಡೆಮಿಕ್’.

ಸೆಕೆಂಡ್‌ಶೋ

ಇದೊಂದು ವಿಷಯದಲ್ಲಿ ನಾವಿಬ್ಬರೂ ಒಂದೇ ಪಕ್ಷ. ಜೇಮ್ಸ್ ನುಯೆನ್ ಅಂತ ಸಾಫ್ಟ್‌ವೇರ್ ಮಾರುವ ಕೆಲಸದಲ್ಲಿದ್ದವರು ಹತ್ತು ಸಾವಿರ ಡಾಲರ್ ಒಳಗೆ ಮಾಡಿದ ಸಿನಿಮಾ. ಹಕ್ಕಿಗಳು ಮನುಷ್ಯರ ಮೇಲೆ ಬೀಳುವ ಕತೆ. ಆದರೆ ಸುಮಾರು ಮುಕ್ಕಾಲು ಗಂಟೆ ಒಂದು ಹಕ್ಕಿಯೂ ಬರುವುದಿಲ್ಲ. ನಾಯಕ ಕಾರು ಓಡಿಸುತ್ತಾನೆ. ನಿಲ್ಲಿಸುತ್ತಾನೆ. ಮೀಟಿಂಗಿಗೆ ಹೋಗುತ್ತಾನೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನಿಲ್ಲಿಸದೆ ತಟ್ಟುತ್ತಾರೆ. ಆಮೇಲೆ ಇದ್ದಕ್ಕಿದ್ದಂತೆ ಹದ್ದುಗಳು ಬರುತ್ತವೆ. ಬಂದು ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುತ್ತವೆ, ಪರದೆ ಮೇಲೆ ಅಂಟಿಸಿದ ಸ್ಟಿಕ್ಕರ್ ಹಾಗೆ. ಜನ ಬಟ್ಟೆ ನೇತುಹಾಕುವ ಹ್ಯಾಂಗರ್ ಹಿಡಿದು ಬೀಸುತ್ತಾರೆ.

ಇದನ್ನು ಮಾಡಿದ ಮನುಷ್ಯ ಒಂದು ವ್ಯಾನಿಗೆ ಹಕ್ಕಿಗಳ ಗೊಂಬೆ ಕಟ್ಟಿಕೊಂಡು, ಸ್ಪೀಕರ್‌ನಲ್ಲಿ ಹದ್ದಿನ ಕೂಗು ಹಾಕಿಕೊಂಡು, ಸನ್‌ಡಾನ್ಸ್ ಚಿತ್ರೋತ್ಸವ ನಡೆಯುವ ಊರಿನ ಬೀದಿಯಲ್ಲಿ ಓಡಾಡಿದರು. ಉತ್ಸವದವರು ಸಿನಿಮಾ ತಗೊಂಡಿರಲಿಲ್ಲ. ಆದರೂ ಹೋದರು. ನಾನು ಹೇಳಿದ ನಂಬಿಕೆ ಅಂದರೆ ಇದು.

ಎಡಿಟಿಂಗ್‌ಟೇಬಲ್

‘ಬರ್ಡೆಮಿಕ್’ ನೋಡುವಾಗ ಸೌಂಡ್ ಕಡೆ ಗಮನ ಕೊಡಿ. ಒಂದೇ ಮಾತಿನ ಮಧ್ಯೆ ಶಾಟ್ ಬದಲಾದರೆ ಹಿಂದಿನ ಸಮುದ್ರದ ಸದ್ದು ಬದಲಾಗುತ್ತದೆ. ಕೆಲವು ಸಲ ಸಮುದ್ರವೇ ಆಫ್ ಆಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಇದನ್ನೇ ತೋರಿಸುವುದು. ಒಳ್ಳೆಯ ಸಿನಿಮಾದಲ್ಲಿ ಎಡಿಟಿಂಗ್ ಕಾಣುವುದೇ ಇಲ್ಲ, ಏನಂತ ಕಲಿಯುವುದು? ಇದರಲ್ಲಿ ಪ್ರತಿ ಹೊಲಿಗೆಯೂ ಕಾಣುತ್ತದೆ.

ಹಳೆಯ ರಬ್ಬರ್ ಪ್ರಾಣಿ ನನಗೆ ಕಂಪ್ಯೂಟರ್ ಪ್ರಾಣಿಗಿಂತ ಇಷ್ಟ ಆಗುವುದೂ ಅದಕ್ಕೇ. ರಬ್ಬರ್ ಆದರೂ ಅದು ಆ ಜಾಗದಲ್ಲಿತ್ತು. ಅದೇ ಬಿಸಿಲು ಅದರ ಮೇಲೂ ಬಿದ್ದಿದೆ. ನೀರಿಗೆ ಬಿದ್ದರೆ ನೀರು ಚಿಮ್ಮುತ್ತದೆ. ಕಡಿಮೆ ದುಡ್ಡಿನ ಕಂಪ್ಯೂಟರ್ ಶಾರ್ಕ್ ಸಮುದ್ರದಿಂದ ಎಗರಿದರೂ ಒಂದು ಹನಿ ಅಲ್ಲಾಡುವುದಿಲ್ಲ. ಶಾರ್ಕ್ ಮಾಡುವುದಕ್ಕಿಂತ ನೀರು ಮಾಡುವುದಕ್ಕೆ ಖರ್ಚು ಜಾಸ್ತಿ.

ಕಣ್ಮುಚ್ಚಿನೋಡ್ತೀನಿ

ಜೇಡದ ಬಗ್ಗೆ ಯಾರೂ ಹೇಳಲಿಲ್ಲ. 1977ರ ‘ಕಿಂಗ್‌ಡಮ್ ಆಫ್ ದಿ ಸ್ಪೈಡರ್ಸ್’ ನೋಡಿದ್ದೀರಾ? ‘ಸ್ಟಾರ್ ಟ್ರೆಕ್’ನ ವಿಲಿಯಂ ಶಾಟ್ನರ್ ಹೀರೋ. ಮೈಮೇಲೆಲ್ಲ ನಿಜವಾದ ಟರಂಟುಲಾ ಜೇಡಗಳು. ರಬ್ಬರ್ ಅಲ್ಲ. ನಾನು ಅದನ್ನು ನೋಡಿ ಒಂದು ವಾರ ಶೂ ಕೊಡವದೆ ಹಾಕಿಕೊಂಡಿಲ್ಲ.

ಹಳೇಟೇಪು

ಸುಮಾರು 5,000 ಜೇಡ ತರಿಸಿದ್ದರು. ಒಂದಕ್ಕೆ ಹತ್ತು ಡಾಲರ್. ಇಡೀ ಸಿನಿಮಾದ ಖರ್ಚು ಸುಮಾರು 5 ಲಕ್ಷ, ಅದರಲ್ಲಿ 50,000 ಜೇಡಕ್ಕೇ ಹೋಯಿತು. ಒಟ್ಟಿಗೆ ಬಿಟ್ಟರೆ ಒಂದನ್ನೊಂದು ತಿನ್ನುತ್ತವೆ, ಅದಕ್ಕೆ ಒಂದೊಂದನ್ನೂ ಬೇರೆ ಡಬ್ಬಿಯಲ್ಲಿ ಇಡಬೇಕಿತ್ತು. ಇನ್ನೊಂದು ಪಜೀತಿ ಅಂದರೆ ಟರಂಟುಲಾಗೆ ಮನುಷ್ಯರನ್ನು ಕಂಡರೆ ಭಯ. ಕ್ಯಾಮೆರಾ ಕಡೆ ಬರುವ ಬದಲು ದೂರ ಓಡುತ್ತಿದ್ದವು. ಫ್ಯಾನ್ ಇಟ್ಟು, ಗಾಳಿ ಊದಿ ನಟರ ಕಡೆ ಅಟ್ಟಬೇಕಾಯಿತು.

ಜೀವಶಾಸ್ತ್ರಮೇಡಂ

ಬಂತು ನೋಡಿ. ಇಷ್ಟು ಹೊತ್ತು ನಾನು ತಮಾಷೆ ಮಾಡುತ್ತಿದ್ದೆ, ಇಲ್ಲಿ ನನಗೆ ತಮಾಷೆ ನಿಲ್ಲುತ್ತದೆ. ಆ ಸಿನಿಮಾದಲ್ಲಿ ಜನ ಜೇಡಗಳನ್ನು ತುಳಿಯುತ್ತಾರೆ, ಕಾರು ಹತ್ತಿಸುತ್ತಾರೆ. ಅವು ಗೊಂಬೆಗಳಲ್ಲ. ಟರಂಟುಲಾ ಕಚ್ಚಿದರೆ ಮನುಷ್ಯನಿಗೆ ಸಾಮಾನ್ಯವಾಗಿ ಜೇನುಹುಳ ಕುಟುಕಿದಷ್ಟು ನೋವು. ಅಂಥ ನಾಚಿಕೆ ಸ್ವಭಾವದ ಜೀವಿಯನ್ನು ತಂದು, ಗಾಳಿ ಊದಿ ಹೆದರಿಸಿ, ಆಮೇಲೆ ಅದೇ ನಮ್ಮನ್ನು ಹೆದರಿಸಿತು ಅಂತ ತುಳಿದರು.

ಇಲ್ಲಿ ಎಲ್ಲರೂ ಕದ್ದು ನೋಡುವ ಖುಷಿ, ನಾಚಿಕೆ ಅಂತ ಮಾತಾಡುತ್ತಿದ್ದೀರಿ. ಕೆಟ್ಟ ಸಿನಿಮಾ ಇಷ್ಟಪಡುವುದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ. ನನಗೆ ಚುಚ್ಚುವುದು ಇದು.

ಹಳೇಟೇಪು

ಮೇಡಂ ಹೇಳಿದ್ದಕ್ಕೆ ಒಂದು ಹಿನ್ನೆಲೆ ಇದೆ. ಸಿನಿಮಾಗಳಲ್ಲಿ ಪ್ರಾಣಿಗಳಿಗೆ ಹಿಂಸೆ ಆಗದ ಹಾಗೆ ನೋಡಿಕೊಳ್ಳಲು ಅಮೆರಿಕನ್ ಹ್ಯೂಮೇನ್ ಅನ್ನುವ ಸಂಸ್ಥೆಯವರು 1940ರಿಂದ ಶೂಟಿಂಗ್ ಜಾಗಕ್ಕೆ ಹೋಗುತ್ತಿದ್ದರು. ಅವರಿಗೆ ಆ ಅಧಿಕಾರ ಬಂದಿದ್ದು ಹಾಲಿವುಡ್‌ನ ಹಳೆಯ ಸೆನ್ಸಾರ್ ಕಚೇರಿಯಿಂದ. 1966ರ ಹೊತ್ತಿಗೆ ಆ ಕಚೇರಿ ಹೋಯಿತು, ಇವರ ಅಧಿಕಾರವೂ ಹೋಯಿತು. ಮತ್ತೆ ಸಿಕ್ಕಿದ್ದು 1980ರಲ್ಲಿ, ಕಲಾವಿದರ ಸಂಘದ ಒಪ್ಪಂದದ ಮೂಲಕ.

ಈಗ ಈ ಚರ್ಚೆಯ ಎಳೆಯಲ್ಲಿ ನಾವು ಹೊಗಳಿದ ಸಿನಿಮಾಗಳ ವರ್ಷ ನೋಡಿ. 1972, 1976, 1977, 1978. ಕೇಳುವವರು ಇಲ್ಲದಿದ್ದ ಕಾಲದಲ್ಲೇ ಈ ಬೆಳೆ ಚೆನ್ನಾಗಿ ಬಂದಿದೆ. ಇಷ್ಟು ವರ್ಷ ನೋಡಿದವನು, ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದು ಇವತ್ತೇ.

ರೀಲುಬಿಡುವವ

ಹಾಗಾದರೆ ಸೆಕೆಂಡ್‌ಶೋ ಅವರೇ, ನನ್ನ ಹಾರುವ ಶಾರ್ಕ್ ಈಗ ಹೇಗಿದೆ? ಕಣ್ಣು ಹೊಡೆಯುತ್ತೆ, ನೀರು ಚಿಮ್ಮಿಸಲ್ಲ, ಎಲ್ಲ ಒಪ್ಪಿದೆ. ಆದರೆ ಒಂದು ಮೀನಿಗೂ ನೋವಾಗಿಲ್ಲ.

ಸೆಕೆಂಡ್‌ಶೋ

ಸರಿಯಾಗಿ ಹಿಡಿದುಕೊಂಡಿರಿ. ಉತ್ತರ ಇಲ್ಲ. ಆ ಮೊಲಗಳಿಗೆ ಏನಾಯಿತು ಅಂತ ನಾನು ಒಂದು ಸಲವೂ ಯೋಚಿಸಿರಲಿಲ್ಲ.

ಸಿಡುಕುಮೂತಿ

ನಾನೂ ಒಂದು ಮಾತು ಸೇರಿಸುತ್ತೇನೆ. ತೆರೆಯ ಹಿಂದೆ ಆದದ್ದು ಒಂದು ಕಡೆ ಇರಲಿ, ತೆರೆಯ ಮುಂದೆಯೂ ಆಗಿದೆ. ‘ಜಾಸ್’ ಕಾದಂಬರಿ ಬರೆದ ಪೀಟರ್ ಬೆಂಚ್ಲಿ ಆಮೇಲೆ ಶಾರ್ಕ್‌ಗಳ ರಕ್ಷಣೆಗೇ ಓಡಾಡಿದರು. ಶಾರ್ಕ್ ಬಗ್ಗೆ ತಿಳಿದ ಮೇಲೆ ಅಂಥ ಪುಸ್ತಕ ಬರೆಯಲಾರೆ ಅನ್ನುವ ಸ್ಥಿತಿಗೆ ಬಂದಿದ್ದರು. ಮನುಷ್ಯರು ವರ್ಷಕ್ಕೆ ಸುಮಾರು 10 ಕೋಟಿ ಶಾರ್ಕ್ ಕೊಲ್ಲುತ್ತಾರೆ ಅಂತ 2013ರ ಒಂದು ಅಂದಾಜು. ಅವು ಕೊಲ್ಲುವ ಮನುಷ್ಯರನ್ನು ಎಣಿಸಲು ಹೆಚ್ಚಿನ ವರ್ಷಗಳಲ್ಲಿ ಎರಡು ಕೈಯ ಬೆರಳು ಸಾಕು.

ಜೀವಶಾಸ್ತ್ರಮೇಡಂ

ನಿಜವಾದ ಕೊಲೆಗಾರ ಪ್ರಾಣಿ ಬೇಕಿದ್ದರೆ ಸೊಳ್ಳೆ. ಮಲೇರಿಯಾ ಒಂದರಿಂದಲೇ ವರ್ಷಕ್ಕೆ ಸುಮಾರು 6 ಲಕ್ಷ ಜನ ಸಾಯುತ್ತಾರೆ.

ರೀಲುಬಿಡುವವ

ಅದಕ್ಕೂ ಸಿನಿಮಾ ಇದೆ ಮೇಡಂ! ತೊಂಬತ್ತರ ದಶಕದ್ದು, ಹೆಸರೇ ‘ಮಸ್ಕಿಟೋ’. ‘ಟೆಕ್ಸಾಸ್ ಚೈನ್‌ಸಾ’ದಲ್ಲಿ ಮುಖವಾಡದ ಕೊಲೆಗಾರ ಆಗಿದ್ದ ಗನ್ನರ್ ಹ್ಯಾನ್ಸನ್ ಇದರಲ್ಲಿ ಸೊಳ್ಳೆಗಳ ಮೇಲೆ ಚೈನ್‌ಸಾ ಬೀಸುತ್ತಾರೆ.

ಎಡಿಟಿಂಗ್‌ಟೇಬಲ್

ಸ್ವಲ್ಪ ಗಾಳಿ ಹಗುರ ಮಾಡುತ್ತೇನೆ. 1983ರ ‘ಕುಜೋ’. ಇದು ಅಷ್ಟು ಅಗ್ಗದ್ದಲ್ಲ, ಆದರೂ ಕೇಳಿ. ಹುಚ್ಚುನಾಯಿ ತಾಯಿ ಮಗನನ್ನು ಕಾರೊಳಗೆ ಕೂಡಿಹಾಕುವ ಕತೆ. ಬಾಯಲ್ಲಿ ನೊರೆ ಬರಲಿ ಅಂತ ಮೊಟ್ಟೆಯ ಬಿಳಿ, ಸಕ್ಕರೆ ಕಲಸಿ ಹಚ್ಚಿದರು. ನಾಯಿಗಳು ನೆಕ್ಕಿ ನೆಕ್ಕಿ ಖಾಲಿ ಮಾಡಿದವು. ಅದಕ್ಕಿಂತ ದೊಡ್ಡ ಸಮಸ್ಯೆ ಬಾಲ. ಆಟ ಅಂದುಕೊಂಡು ಖುಷಿಯಲ್ಲಿ ಬಾಲ ಅಲ್ಲಾಡಿಸುತ್ತಿದ್ದವು, ಅದನ್ನು ಕಟ್ಟಿಹಾಕಬೇಕಾಯಿತು. ಆ ಸಿನಿಮಾ ಮತ್ತೆ ನೋಡಿದರೆ ನನಗೆ ಹಲ್ಲು ಕಾಣುವುದಿಲ್ಲ, ಕಾಣದ ಬಾಲವೇ ಕಾಣುತ್ತದೆ.

ಹೊಸಬ_01

‘ಬರ್ಡೆಮಿಕ್’ ನೋಡಿದೆ. ಚಪ್ಪಾಳೆ ಇನ್ನೂ ಕಿವಿಯಲ್ಲಿದೆ. ಯಾರಿಗೂ ನೋವಾಗದ, ಆದರೆ ಮನಸ್ಸಿಟ್ಟು ಮಾಡಿದ ಸಿನಿಮಾ ಯಾವುದಾದರೂ ಇದೆಯಾ? ಎರಡೂ ಒಟ್ಟಿಗೆ?

ಹಳೇಟೇಪು

1980ರ ‘ಅಲಿಗೇಟರ್’. ಮತ್ತೆ ಅದೇ ಜಾನ್ ಸೇಲ್ಸ್ ಬರವಣಿಗೆ. ಟಾಯ್ಲೆಟ್‌ನಲ್ಲಿ ಫ್ಲಶ್ ಮಾಡಿದ ಮೊಸಳೆಮರಿ ಚರಂಡಿಯಲ್ಲಿ ಬೆಳೆದು ದೊಡ್ಡದಾಗುತ್ತದೆ. ಅದಕ್ಕೆ ಆಹಾರ ಏನು ಗೊತ್ತಾ? ಔಷಧಿ ಕಂಪನಿಯವರು ಪ್ರಯೋಗ ಮಾಡಿ ಬಿಸಾಡಿದ ನಾಯಿಗಳ ಹೆಣ. ಮೊಸಳೆ ಚರಂಡಿಯಿಂದ ಮೇಲೆ ಬಂದು, ಕೊನೆಗೆ ಆ ಕಂಪನಿಯ ದೊಡ್ಡವರ ಮನೆ ಮದುವೆಗೇ ನುಗ್ಗುತ್ತದೆ. ಇಲ್ಲಿಯವರೆಗಿನ ಚರ್ಚೆಯೆಲ್ಲ ಆ ಒಂದು ಸಿನಿಮಾದಲ್ಲಿದೆ. ದೊಡ್ಡ ಮೊಸಳೆ ಬಹುಪಾಲು ಗೊಂಬೆ ಮತ್ತು ಆಟಿಕೆ ಬೀದಿಯಲ್ಲಿ ನಡೆಯುವ ಮರಿ. ನಮ್ಮ ಮೊಲದ ಉಪಾಯವೇ, ಆದರೆ ಬರೆದವನಿಗೆ ಬುದ್ಧಿ ಇತ್ತು.

ಸೆಕೆಂಡ್‌ಶೋ

ಎರಡು ದಿನ ಬಿಟ್ಟು ಬಂದೆ. ಒಂದು ಸುದ್ದಿ ಇದೆ.

ಈ ಎಳೆ ಓದುತ್ತಾ ನಗುತ್ತಿದ್ದಾಗ ಹೆಂಡತಿ ಹಿಂದಿನಿಂದ ಬಂದು ನೋಡಿಬಿಟ್ಟಳು. ಇನ್ನು ಮುಚ್ಚಿಡುವುದು ಏನು ಅಂತ, ನಿನ್ನೆ ರಾತ್ರಿ ಇಬ್ಬರೂ ಕೂತು 1972ರ ‘ಫ್ರಾಗ್ಸ್’ ನೋಡಿದೆವು. ಪೋಸ್ಟರಿನಲ್ಲಿ ಕಪ್ಪೆಯ ಬಾಯಿಂದ ಮನುಷ್ಯನ ಕೈ ನೇತಾಡುತ್ತದೆ. ಸಿನಿಮಾದಲ್ಲಿ ಕಪ್ಪೆ ಒಬ್ಬರನ್ನೂ ಕೊಲ್ಲುವುದಿಲ್ಲ. ಹಾವು ಕೊಲ್ಲುತ್ತದೆ, ಜೇಡ ಕೊಲ್ಲುತ್ತದೆ, ಹಲ್ಲಿಗಳು ಗಾಜಿನ ಮನೆಯಲ್ಲಿ ವಿಷದ ಬಾಟಲಿ ಬೀಳಿಸುತ್ತವೆ. ಕಪ್ಪೆಗಳು ಅಲ್ಲಲ್ಲಿ ಕೂತು ನೋಡುತ್ತವೆ. ಅರ್ಧ ಗಂಟೆಗೆ ಅವಳು “ಕಪ್ಪೆ ಯಾವಾಗ ಕೊಲ್ಲುತ್ತೆ?” ಅಂದಳು. “ತಾಳು” ಅಂದೆ. ಒಂದು ಗಂಟೆಗೆ ಮತ್ತೆ ಕೇಳಿದಳು. ಕೊನೆಗೆ ಅವಳೇ “ಇವು ಮೇಲ್ವಿಚಾರಕರು ಕಣ್ರೀ, ಕೈಕೆಳಗಿನವರ ಹತ್ತಿರ ಕೆಲಸ ಮಾಡಿಸುತ್ತಿವೆ” ಅಂದಳು. ನಾನು ಮೂರು ಸಲ ನೋಡಿದ್ದೇನೆ, ನನಗೆ ಹೊಳೆದಿರಲಿಲ್ಲ.

ಮುಗಿದ ಮೇಲೆ ಮಲಗಲು ಹೋಗುತ್ತಾಳೆ ಅಂದುಕೊಂಡೆ. “ಅದ್ಯಾವುದೋ ಮೊಲದ್ದು ಇದೆಯಂತಲ್ಲ, ನೀವು ನೋಡಿದ್ದೀರಾ?” ಅಂದಳು.

“ಇಲ್ಲ” ಅಂದೆ. ಇಬ್ಬರೂ ಹಾಕಿಕೊಂಡು ಕೂತೆವು. ಹೆಡ್‌ಲೈಟ್ ದೃಶ್ಯ ಬರುವ ಮೊದಲೇ ನನಗೆ ನಗು ತಡೆಯಲಾಗಲಿಲ್ಲ.

ಕಣ್ಮುಚ್ಚಿನೋಡ್ತೀನಿ

ಸಿಕ್ಕಿಬಿದ್ರಾ?

ಸೆಕೆಂಡ್‌ಶೋ

“ಆಫೀಸ್ ಕೆಲಸ ಚೆನ್ನಾಗಿತ್ತಾ?” ಅಂದಳು. ಅಷ್ಟೇ. ಶುಕ್ರವಾರ ‘ಅಲಿಗೇಟರ್’.